ಹಗ್ಗ ಕಟ್ಟಿದ ಬೀದಿ

ಓರ್ಫೆಲಿನಾ, ಹೆದರಬೇಡಿ ಎಂದು ನಾನು ಹೇಳುವುದಿಲ್ಲ.
ಹಾಗೆ ಹೇಳುವವರನ್ನು ನಾನೂ ನಂಬುವುದಿಲ್ಲ.
ನಿಮ್ಮ ಯಜಮಾನರ ಬಾಯಲ್ಲಿ ಉಸಿರಿನ ನಳಿಗೆ,
ಕುತ್ತಿಗೆಯಲ್ಲೊಂದು ಸೂಜಿ, ಮಣಿಕಟ್ಟಿನಲ್ಲೊಂದು,
ಮಂಚದ ಕೆಳಗೆ ತೂಗುವ ಚೀಲದಲ್ಲಿ ಚಹಾ ಬಣ್ಣದ ಮೂತ್ರ.
ಇಂಥವರನ್ನು ಎಬ್ಬಿಸಿ ಕೂರಿಸುತ್ತೇನೆ ಎಂದರೆ
ಯಾವ ಹೆಂಡತಿ ತಾನೆ ಅಡ್ಡ ನಿಲ್ಲುವುದಿಲ್ಲ?

ನಿಂತಿದ್ದೀರಿ, ಕೈಚೀಲ ಎದೆಗವಚಿಕೊಂಡು.
"ಸಾಯುವವರನ್ನೂ ಮಲಗಿರಲು ಬಿಡುವುದಿಲ್ಲವೆ?" ಎನ್ನುತ್ತೀರಿ.
ಕಿಟಕಿಯಾಚೆ ಜಲಸಂಧಿಯ ಗಾಳಿ
ತಗಡಿನ ಸೂರುಗಳನ್ನು ಬಡಿದು ಬಡಿದು ಎಣಿಸುತ್ತಿದೆ.

ಕೂತುಕೊಳ್ಳಿ. ಇಲ್ಲಿ ಮುಟ್ಟಿ ನೋಡಿ.
ಇಪ್ಪತ್ತೆಂಟು ವರ್ಷ ದೋಣಿಯ ಒದ್ದೆ ಹಲಗೆಯ ಮೇಲೆ
ಏಡಿಬುಟ್ಟಿ ಎಳೆಯುತ್ತ ನಿಂತ ಕಾಲು.
ಹನ್ನೊಂದು ದಿನ, ಅಷ್ಟೆ.
ಮೀನಖಂಡದಲ್ಲಿ ಮೀನೇ ಇಲ್ಲ,
ತೊಗಲಿನ ಬಲೆ ಬರಿದಾಗಿ ಎಲುಬಿಗೆ ಜೋತಿದೆ.
ನ್ಯುಮೋನಿಯಾ ಶ್ವಾಸಕೋಶ ತಿಂದಿತು,
ಕಾಲು ತಿಂದದ್ದು ಹಾಸಿಗೆ.
ಅದರ ಮೇಲೆ ಯಾರೂ ದೂರು ಕೊಡುವುದಿಲ್ಲ,
ಬಿಳಿ ಹೊದಿಕೆ ಹೊದ್ದು ಸದ್ದಿಲ್ಲದೆ ಉಣ್ಣುತ್ತದೆ.

ನಾನು ಓದುವಾಗ ಕಲಿಸಿದ್ದು ಬೇರೆ:
ಮೊದಲು ಬದುಕಲಿ, ನಡೆಯುವುದು ಆಮೇಲೆ.
ಬದುಕಿದವರು ಮೂರು ತಿಂಗಳಾದ ಮೇಲೆ
ಗಾಲಿಕುರ್ಚಿಯಲ್ಲಿ ಬಂದು, ಚಮಚ ಎತ್ತಲಾರದ ಕೈ ಚಾಚಿ
ಕೇಳುತ್ತಿದ್ದರು: ಆ ಆಮೇಲೆ ಯಾವಾಗ?

ಅಪಾಯವೆ? ಇದೆ.
ಒಂಬತ್ತು ವರ್ಷದಲ್ಲಿ ಒಮ್ಮೆ, ನನ್ನ ಕೈಯಲ್ಲೇ,
ಒಬ್ಬ ಕುರಿಗಾಹಿಯ ಮಣಿಕಟ್ಟಿನ ಸೂಜಿ ಕಿತ್ತುಬಂತು.
ತೋಳೆಲ್ಲ ರಕ್ತ. ಒತ್ತಿ ಹಿಡಿದೆ, ನಿಂತಿತು.
ಅವನು ಮರುದಿನವೇ ಮತ್ತೆ ಎದ್ದ;
ನನ್ನ ಕೈ ಮಾತ್ರ ವಾರಗಟ್ಟಲೆ ನಡುಗಿತು.
ಅದನ್ನು ಮುಚ್ಚಿಟ್ಟು ನಿಮ್ಮ ಮುಖ ನೋಡಲಾರೆ.

ಅದಕ್ಕೇ ಎಣಿಸುತ್ತೇವೆ.
ಆಮ್ಲಜನಕ ಎಂಬತ್ತೆಂಟರ ಕೆಳಗಿಳಿದರೆ ಮಲಗಿಸುತ್ತೇವೆ,
ನಾಡಿ ಕುದುರೆಯಂತೆ ಓಡಿದರೆ ಮಲಗಿಸುತ್ತೇವೆ,
ಸುಮ್ಮನೆ ಬೇಡ ಎಂದು ಒಂದು ಬೆರಳೆತ್ತಿದರೂ.
ನಳಿಗೆ ಹಿಡಿಯಲೆಂದೇ ಒಬ್ಬಳಿದ್ದಾಳೆ, ದಪ್ಪ ಕನ್ನಡಕದ ಹೆರ್ಮಿನಿಯಾ;
ಆ ಹೊತ್ತು ಬೇರೇನೂ ಮುಟ್ಟುವುದಿಲ್ಲ, ಬೇರೆಲ್ಲೂ ನೋಡುವುದಿಲ್ಲ.
ನಿನ್ನೆ ಬರೀ ಕಾಲು ಮಡಚಿ ಬಿಡಿಸಿದೆವು.
ಇವತ್ತು ಅದೂ ಇಲ್ಲ, ರಕ್ತದೊತ್ತಡ ಒಪ್ಪಲಿಲ್ಲ.
ನಾಳೆ ನೋಡೋಣ.

ವಸಂತದ ಗಾಳಿಗೆ ಹುಚ್ಚು ಹಿಡಿದಾಗ
ಪುಂತಾ ಅರೇನಾಸಿನ ಬೀದಿಮೂಲೆಗಳಲ್ಲಿ ಹಗ್ಗ ಕಟ್ಟುತ್ತಾರಲ್ಲ,
ಗಾಳಿ ನಿಲ್ಲಲಿ ಎಂದು ಯಾರು ಮನೆಯಲ್ಲಿ ಕೂರುತ್ತಾರೆ?
ಕೂತರೆ ಬೇಸಿಗೆಯೇ ಮುಗಿದುಹೋಗುತ್ತದೆ.
ಬ್ರೆಡ್ಡಿನ ಪೊಟ್ಟಣ ಕಂಕುಳಲ್ಲಿ, ಟೊಪ್ಪಿಗೆ ಹಲ್ಲಲ್ಲಿ ಕಚ್ಚಿ,
ನೀವೂ ದಾಟಿದವರೇ.

*

ಬುಧವಾರ, ಹತ್ತೂಕಾಲು.
ಮೊದಲು ಮಂಚದ ಅಂಚಿಗೆ. ಪಾದ ಕೆಳಗೆ.
ನೆಲ ತಣ್ಣಗಿದೆ ಎಂದು ಹುಬ್ಬು ಹೇಳಿತು.
ತೊಂಬತ್ತನಾಲ್ಕು. ತೊಂಬತ್ತೊಂದು. ಎಂಬತ್ತೊಂಬತ್ತು.
ನಿಮ್ಮ ಕೈಚೀಲದ ಕೊಕ್ಕೆ ಟಪ್ಪೆಂದದ್ದು ನನಗೆ ಕೇಳಿಸಿತು.
ಕಾದೆವು. ಬುಟ್ಟಿ ಇಳಿಬಿಟ್ಟು ಕಾಯುವುದನ್ನು
ಏಡಿ ಹಿಡಿಯುವವರ ಮನೆಗೆ ಹೇಳಿಕೊಡಬೇಕೆ?
ಎಂಬತ್ತೊಂಬತ್ತು. ತೊಂಬತ್ತು.
ತೊಂಬತ್ತಮೂರು.

ಆಗ ಎದ್ದರು ಎಲಿಸೆಯೊ.
ಎದ್ದರು ಎನ್ನುವುದು ದೊಡ್ಡ ಮಾತು,
ನಾವು ಮೂವರು ಎತ್ತಿದೆವು, ಅವರು ಬೇಡವೆನ್ನಲಿಲ್ಲ.
ಆಮೇಲೆ, ಮಂಡಿ ಗಡಗಡ ನಡುಗುತ್ತಿರುವಾಗಲೇ,
ಪಾದಗಳನ್ನು ಕೊಂಚ ಅಗಲಿಸಿದರು.
ನಾನು ಹೇಳಿಕೊಟ್ಟಿರಲಿಲ್ಲ.

ನೀವು ಗೋಡೆಗೆ ಒರಗಿಕೊಂಡು ಅಂದಿರಿ,
"ದೋಣೀಲಿ ಹೀಗೇ ನಿಲ್ಲೋದು ಇವರು."

ಹನ್ನೆರಡು ಸೆಕೆಂಡು. ಕೂರಿಸಿದೆವು, ಮಲಗಿಸಿದೆವು.
ಹೆರ್ಮಿನಿಯಾ ಇನ್ನೂ ನಳಿಗೆಯಿಂದ ಕೈ ತೆಗೆದಿರಲಿಲ್ಲ.

ನಾಳೆ ಬರುವಾಗ ಅವರ ಬೂಟು ತನ್ನಿ, ಓರ್ಫೆಲಿನಾ,
ಅಡಿ ಸವೆಯದ ಜೋಡಿ ಇದ್ದರೆ ಅದು.
ಆಸ್ಪತ್ರೆಯ ಚಪ್ಪಲಿ ಜಾರುತ್ತದೆ.